ಪುಣೆಯಿಂದ ಬೆಳಗಾವಿಗೆ ವಿದ್ಯುತ್ ಕಾರು: ದಾರಿಯಲ್ಲಿ ಫಾಸ್ಟ್ ಚಾರ್ಜಿಂಗ್ ಮಾಡಿಕೊಳ್ಳುವ ಬಗೆ

ಹಬ್ಬಕ್ಕೋ ಮದುವೆಗೋ ಊರಿಗೆ ಹೊರಡುವ ಪುಣೆಯ ಕನ್ನಡಿಗರಿಗೆ ಈಗ ವಿದ್ಯುತ್ ಕಾರೂ ಸಾಕಾಗುತ್ತದೆ. ಸಾತಾರಾ, ಕರಾಡ, ಕೊಲ್ಹಾಪುರಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಫಾಸ್ಟ್ ಚಾರ್ಜರುಗಳು ಬಂದಿವೆ.

ಹಿಂದಿನ ರಾತ್ರಿ ಮನೆಯಲ್ಲೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಒಂದಕ್ಕಿಂತ ಹೆಚ್ಚು ಚಾರ್ಜಿಂಗ್ ಕಂಪನಿಗಳ ಆ್ಯಪ್‌ಗಳನ್ನು ಮೊಬೈಲಿಗೆ ಹಾಕಿಕೊಂಡು, ಅವುಗಳ ವಾಲೆಟ್‌ಗೆ ಸ್ವಲ್ಪ ಹಣವನ್ನೂ ಜಮಾ ಮಾಡಿಡಿ. ಖಂಬಾಟ್ಕಿ ಘಾಟಿಯ ಏರಿನಲ್ಲಿ ವಿದ್ಯುತ್ ಬೇಗ ಖರ್ಚಾಗುವುದರಿಂದ, ಕಾರು ತೋರಿಸುವ ಕಿಲೋಮೀಟರುಗಳನ್ನೇ ಪೂರ್ತಿ ನಂಬಬಾರದು. ಶೇಕಡಾ 30ರಷ್ಟು ಚಾರ್ಜ್ ಉಳಿದಿರುವಾಗಲೇ ನಿಲ್ಲುವುದು ಕ್ಷೇಮ. ಅಲ್ಲಿನ ಯಂತ್ರ ಕೆಟ್ಟಿದ್ದರೂ ಮುಂದಿನದನ್ನು ತಲುಪಬಹುದು.

ನಮ್ಮ ಇಂದಿನ ಬಹುಪಾಲು ಕಾರುಗಳಿಗೆ ಸಿಸಿಎಸ್-2 ಎಂಬ ಬಗೆಯ ಗನ್ (ಚಾರ್ಜರಿನ ಕೇಬಲ್ ತುದಿಯ ಪ್ಲಗ್) ಹೊಂದುತ್ತದೆ. ಅದನ್ನು ಸಾಕೆಟ್ಟಿಗೆ ನೇರವಾಗಿ ಒತ್ತಿ ಹಿಡಿದು, ಲಾಕ್ ಬಿದ್ದ ಸದ್ದು ಕೇಳಿದ ಮೇಲೆ ಆ್ಯಪ್‌ನಲ್ಲಿ ಚಾರ್ಜಿಂಗ್ ಆರಂಭಿಸಿ, ಪರದೆಯ ಮೇಲೆ ಚಾರ್ಜಿಂಗ್ ವೇಗ ತೋರಿಸುವ ಕಿಲೋವ್ಯಾಟ್ ಅಂಕಿ ಏರುವವರೆಗೆ ಅಲ್ಲೇ ನಿಂತು ನೋಡಿ. 60 ಕಿಲೋವ್ಯಾಟಿನ ಯಂತ್ರದಲ್ಲಿ 30ರಷ್ಟೇ ಬರುತ್ತಿದ್ದರೆ, ಪಕ್ಕದ ಗನ್ನಿನಲ್ಲಿ ಮತ್ತೊಂದು ಕಾರು ಪಾಲು ಪಡೆಯುತ್ತಿರಬಹುದು, ಇಲ್ಲವೇ ನಿಮ್ಮ ಕಾರಿನ ಮಿತಿಯೇ ಅಷ್ಟಿರಬಹುದು.

ಶೇಕಡಾ 80 ದಾಟಿದ ಮೇಲೆ, ಬ್ಯಾಟರಿಯ ರಕ್ಷಣೆಗಾಗಿ ಕಾರೇ ಚಾರ್ಜಿಂಗ್ ವೇಗವನ್ನು ತಗ್ಗಿಸುತ್ತದೆ. ಆದುದರಿಂದ ಅಷ್ಟಕ್ಕೇ ನಿಲ್ಲಿಸಿ ಹೊರಡುವುದು ಜಾಣತನ, ಹಿಂದೆ ಕಾದಿರುವವರಿಗೆ ಉಪಕಾರವೂ ಹೌದು. ಹಬ್ಬದ ದಿನಗಳಲ್ಲಂತೂ ಇದನ್ನು ದಯವಿಟ್ಟು ಪಾಲಿಸಿ. ಆ್ಯಪ್‌ನಲ್ಲಿ ನಿಲ್ಲಿಸಿ, ಕಾರಿನ ಲಾಕ್ ತೆರೆದ ನಂತರವೇ ಗನ್ ಎಳೆಯಬೇಕು. ಕೇಬಲನ್ನು ನೆಲದ ಮೇಲೆ ಬಿಡದೆ ಅದರ ಕೊಕ್ಕೆಗೇ ಹಾಕಿಡಿ.