ಹಳೇ ಕಸೂತಿ ಫೋಟೋದಿಂದ ಹೊಸ ನಮೂನೆ ತೆಗೆಯೋದು ಹೇಗೆ

ಅವ್ವನ ಇಳಕಲ್ ಸೀರೆಯ ಸೆರಗಿನಲ್ಲಿ ಒಂದು ಕಸೂತಿ ಗೋಪುರ ಇದೆ. ಅದನ್ನೇ ಅಷ್ಟಿಷ್ಟು ಬದಲಿಸಿ ಕುರ್ತಾಕ್ಕೊಂದು, ದಿಂಬಿನ ಚೀಲಕ್ಕೊಂದು ಹೊಸ ನಮೂನೆ ಬೇಕು ಅನ್ನೋ ಆಸೆ ಧಾರವಾಡದ ಎಷ್ಟೋ ಮನೆಗಳಲ್ಲಿ ಇರುತ್ತೆ ಅಲ್ವಾ? ಎಐ ಇದಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ಅದಕ್ಕೆ ಎಷ್ಟು ಸಲಿಗೆ ಕೊಡಬೇಕು ಅನ್ನೋದು ಗೊತ್ತಿರಬೇಕು.

ಮೊದಲು ಫೋಟೋ. ಸೆರಗನ್ನು ಸುಕ್ಕಿಲ್ಲದಂತೆ ಹಾಸಿ, ಕಿಟಕಿ ಬೆಳಕಲ್ಲಿ, ಮೊಬೈಲನ್ನು ನೇರ ಮೇಲಿಂದ ಹಿಡಿದು ತೆಗೀರಿ. ಓರೆಯಾಗಿ ತೆಗೆದರೆ ಹೊಸ ಗೋಪುರವೂ ಓರೆಯಾಗಿಯೇ ಬರುತ್ತದೆ.

ಚಿತ್ರ ಬಿಡಿಸೋ ಎಐ ಆದ ಸ್ಟೇಬಲ್ ಡಿಫ್ಯೂಷನ್ ಬಳಸೋರು ಇಮೇಜ್-ಟು-ಇಮೇಜ್‌ಗೆ, ಅಂದ್ರೆ ಕೊಟ್ಟ ಚಿತ್ರದಿಂದ ಹೊಸ ಚಿತ್ರ ಮಾಡೋ ಭಾಗಕ್ಕೆ, ಹೋಗಿ. ಅಲ್ಲಿ ಡಿನಾಯ್ಸಿಂಗ್ ಸ್ಟ್ರೆಂತ್ ಅಂತ 0ಯಿಂದ 1ರವರೆಗಿನ ಸ್ಲೈಡರ್ ಇರುತ್ತೆ, ಎಲ್ಲಾ ಇರೋದು ಅದರಲ್ಲೇ. ಎಐ ನಿಮ್ಮ ಚಿತ್ರದ ಮೇಲೆ ಮರಳು ಎರಚಿದ ಹಾಗೆ ಚುಕ್ಕಿ ತುಂಬಿಸಿ, ಆಮೇಲೆ ಆ ಚುಕ್ಕಿಗಳನ್ನು ತೆಗೆಯುತ್ತಾ ತೆಗೆಯುತ್ತಾ ಹೊಸ ಚಿತ್ರ ಬಿಡಿಸುತ್ತೆ. ನಂಬರ್ ಏರಿಸಿದಷ್ಟೂ ಚುಕ್ಕಿ ಜಾಸ್ತಿ, ಹಳೇ ಗೋಪುರ ಕಮ್ಮಿ. ನಾನು ಮೊದಲ ಸಲ 0.75 ಇಟ್ಟಿದ್ದೆ. ಕಳಸ ಹೋಗಿ ಅಲ್ಲೊಂದು ಹೂಬಳ್ಳಿ ಬಂದಿತ್ತು. 0.3, 0.4ರ ಆಸುಪಾಸಿನಿಂದ ಶುರು ಮಾಡಿ. ಗೆರೆ ಇನ್ನೂ ಗಟ್ಟಿಯಾಗಿ ನಿಲ್ಲಬೇಕು ಅಂದ್ರೆ ಚಿತ್ರದ ಅಂಚಿನ ಗೆರೆಗಳನ್ನು ಹಿಡಿದು ಎಐಗೆ ದಾರಿ ತೋರಿಸೋ ಕಂಟ್ರೋಲ್‌ನೆಟ್‌ನ ಕ್ಯಾನಿ ಜೋಡಿಸಿಕೊಳ್ಳಿ, ಆಗ ನಂಬರ್ ಸ್ವಲ್ಪ ಏರಿಸಿದರೂ ಆಕಾರ ಅಷ್ಟಾಗಿ ಕದಲಲ್ಲ. ಚೆನ್ನಾಗಿ ಬಂದ ಚಿತ್ರದ ಸೀಡ್ ನಂಬರ್ (ಚುಕ್ಕಿ ಹೇಗೆ ಎರಚಿತ್ತು ಅನ್ನೋದರ ಗುರುತು) ಬರೆದಿಡಿ. ಅದೇ ಸೀಡ್ ಇಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ.

ಚಾಟ್‌ಜಿಪಿಟಿ, ಜೆಮಿನಿಯಲ್ಲಿ ಮಾತಲ್ಲೇ ಹೇಳಬೇಕು. ಸುಮ್ನೆ 'ಬೇರೆ ಥರ ಮಾಡು' ಅನ್ನಬೇಡಿ. ಯಾವುದು ಬದಲಾಗಬಾರದು ಅನ್ನೋದನ್ನು ಮೊದಲು ಹೇಳಿ: ಕಳಸ, ಮೆಟ್ಟಿಲು, ಎಡಬಲದ ಸಮ.

ಈಗ ಮುಖ್ಯವಾದ ಕೆಲಸ. ಕಸೂತಿ ಅಂದ್ರೆ ಬಟ್ಟೆಯ ಎಳೆ ಎಣಿಸಿ ಹಾಕೋದು. ಗವಂತಿ ಅನ್ನೋ ಹೊಲಿಗೆಯಲ್ಲಿ ಸೂಜಿ ಒಂದು ಸಲ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರುತ್ತೆ, ಅದಕ್ಕೇ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣೋದು. ಎಐ ಚಿತ್ರದಲ್ಲಿ ಗೆರೆ ನಡುವೆ ಕಡಿದಿರುತ್ತೆ, ಎಡಕ್ಕೆ ಏಳು ಮೆಟ್ಟಿಲಿದ್ದರೆ ಬಲಕ್ಕೆ ಆರಿರುತ್ತೆ. ಹಾಗಾಗಿ ಗ್ರಾಫ್ ಹಾಳೆ ತಗೊಂಡು, ಅಡ್ಡ, ಉದ್ದ, ಮೂಲೆ ಗೆರೆಗಳಲ್ಲೇ ಚಿತ್ರವನ್ನು ಕೈಯಾರೆ ಮತ್ತೆ ಬರೀರಿ. ಕಡಿದ ಕಡೆ ಕೂಡಿಸಿ.

ನಾನು ತೆಗೆದ ಹನ್ನೆರಡರಲ್ಲಿ ಅವ್ವ ಎರಡನ್ನು ಆರಿಸಿದಳು. ಒಂದಕ್ಕೆ ಈಗ ದಾರ ಪೋಣಿಸಿದ್ದಾಳೆ.