ಡಿಗ್ರಿ ಸಾಲು ಅಳಿಸಿದ್ದಷ್ಟಕ್ಕೇ ಕೆಲಸ ಮುಗಿಯಲಿಲ್ಲ

ನಾನಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ರಾಜ್ಯ ಸರ್ಕಾರದ ಒಂದು ಕಚೇರಿಯಲ್ಲಿ ನೇಮಕಾತಿ ಕೆಲಸ. 2023ರ ಜನವರಿ 18ರಂದು, ಅಧಿಕಾರ ವಹಿಸಿಕೊಂಡ ಮಾರನೇ ದಿನವೇ ಗವರ್ನರ್ ಜೋಶ್ ಶಪೀರೊ ಒಂದು ಆದೇಶ ಹೊರಡಿಸಿದರು. ರಾಜ್ಯದ ಶೇ. 92ರಷ್ಟು ಹುದ್ದೆಗಳಿಗೆ, ಅಂದರೆ ಸುಮಾರು 65,000 ಹುದ್ದೆಗಳಿಗೆ, ನಾಲ್ಕು ವರ್ಷದ ಡಿಗ್ರಿ ಬೇಕಿಲ್ಲ. ಪಕ್ಕದ ಮೇರಿಲ್ಯಾಂಡ್ 2022ರ ಮಾರ್ಚ್‌ನಲ್ಲೇ ಈ ದಾರಿ ಹಿಡಿದಿತ್ತು.

ಜಾಹೀರಾತಿನಿಂದ ಡಿಗ್ರಿ ಅನ್ನೋ ಸಾಲು ತೆಗೆಯೋದಕ್ಕೆ ಒಂದು ನಿಮಿಷ ಸಾಕು. ಅದರ ಜಾಗದಲ್ಲಿ ಏನು ಬರೆಯೋದು? ಕಷ್ಟ ಇರೋದೇ ಅಲ್ಲಿ.

ಉಗ್ರಾಣ ನೋಡಿಕೊಳ್ಳೋ ಹುದ್ದೆ ಒಂದಿತ್ತು. ಅದರಲ್ಲೇ ಇಪ್ಪತ್ತು ವರ್ಷ ಕಳೆದವರ ಹತ್ತಿರ ಹೋಗಿ, ಸೋಮವಾರ ಬೆಳಿಗ್ಗೆ ಬಂದ ತಕ್ಷಣ ಏನೇನು ಮಾಡ್ತೀರಿ ಅಂತ ಕೇಳಿದೆ. ಲಾರಿ ಬಂದರೆ ಬಾಕ್ಸ್ ಎಣಿಸೋದು, ಬಿಲ್ಲು ಆರ್ಡರು ತಾಳೆ ನೋಡೋದು, ಕಡಿಮೆ ಬಂದಿದ್ದರೆ ಫೋನ್ ಮಾಡೋದು, ಆಮೇಲೆ ಕಂಪ್ಯೂಟರ್‌ಗೆ ಹಾಕೋದು. ಇದಕ್ಕೆ ಡಿಗ್ರಿ ಯಾಕೆ ಬೇಕು, ಹೇಳಿ? ಹಳೇ ಜಾಹೀರಾತಿನಿಂದ ಹೊಸದಕ್ಕೆ ಆ ಸಾಲು ಕಾಪಿ ಆಗ್ತಾ ಬಂದಿತ್ತು, ಅಷ್ಟೇ. ಅವರು ಹೇಳಿದ್ದನ್ನೇ ಬರೆದೆವು. ಅನುಭವ ಅಂಗಡಿಯದಾಗಲಿ, ಸೈನ್ಯದ್ದಾಗಲಿ, ಆಸ್ಪತ್ರೆಯದಾಗಲಿ, ಎಲ್ಲಿಯದಾದರೂ ನಡೆಯುತ್ತೆ ಅಂತಲೂ ಸೇರಿಸಿದೆವು. ನರ್ಸ್, ವಕೀಲರಂಥ ಹುದ್ದೆಗಳನ್ನು ಮುಟ್ಟಲಿಲ್ಲ, ಅವಕ್ಕೆ ಲೈಸೆನ್ಸ್ ಬೇಕೇ ಬೇಕು.

ಅರ್ಜಿಗಳು ಚೆನ್ನಾಗಿ ಬಂದವು. ಆದರೆ ಮೊದಲ ಸುತ್ತಿನಲ್ಲಿ ಆಯ್ಕೆ ಆದವರೆಲ್ಲ ಡಿಗ್ರಿಯವರೇ! ನೋಡಿದರೆ ಸಂದರ್ಶನದ ಅಂಕಪಟ್ಟಿಯಲ್ಲಿ ಓದಿಗೆ ಬೇರೆ ಅಂಕ ಹಾಗೇ ಉಳಿದಿತ್ತು. ಮುಂಬಾಗಿಲು ತೆರೆದು ಒಳಬಾಗಿಲಿಗೆ ಚಿಲಕ ಹಾಕಿದ ಹಾಗೆ. ಅದನ್ನು ತೆಗೆಸಿ, ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟೆವು: ಒಂದು ಬಿಲ್ಲು, ಒಂದು ಆರ್ಡರು, ಇಪ್ಪತ್ತು ನಿಮಿಷ, ವ್ಯತ್ಯಾಸ ಹುಡುಕಿ. ಆರ್ಡರಿನಲ್ಲಿ 144 ಪೀಸ್, ಬಿಲ್ಲಿನಲ್ಲಿ 12 ಕೇಸ್ ಅಂತ ಇತ್ತು. ಸುಮಾರು ಜನ 132 ಕಡಿಮೆ ಬಂದಿದೆ ಅಂತ ಬರೆದುಬಿಟ್ಟರು. ದಿನಸಿ ಅಂಗಡಿಯಲ್ಲಿ ಹನ್ನೊಂದು ವರ್ಷ ಮಾಲು ಇಳಿಸಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ ಪೆನ್ನು ಕೆಳಗಿಟ್ಟು, "ಒಂದು ಕೇಸಿಗೆ ಎಷ್ಟು ಪೀಸು? ಹನ್ನೆರಡಾದರೆ ಲೆಕ್ಕ ಸರಿಯಾಗಿದೆ" ಅಂದರು. ನನಗೆ ನಮ್ಮಪ್ಪ ನೆನಪಾದರು. ಪಿಯುಸಿ ಓದಿ ದಾವಣಗೆರೆಯ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಚೀಲ ನೋಡಿದರೆ ತೂಕ ಹೇಳುತ್ತಿದ್ದರು.

ಆ ಹೆಂಗಸಿಗೇ ಕೆಲಸ ಸಿಕ್ಕಿತು. ಈಗ ಕಾಲ್ ಸೆಂಟರ್ ಹುದ್ದೆಗಳ ಸರದಿ. ಎರಡು ದಿನದಿಂದ ಅಲ್ಲಿನ ಹಳಬರ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕೂತು, ಅವರು ಏನೇನು ಮಾಡ್ತಾರೆ ಅಂತ ಬರೆದುಕೊಳ್ಳುತ್ತಿದ್ದೇನೆ.