ಪೈಪ್ ಒಳಗಿನ ಬೀಡ್: ಜೆಟ್‌ಗೆ ಹೋಗುವ ಪ್ರೆಶರ್ ಎಲ್ಲಿ ಕರಗುತ್ತದೆ?

ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ಕೊಡಗಿನ ರೊಬಸ್ಟಾ ಕಾಫಿ ತೋಟಕ್ಕೆ ಕೆರೆಯ ನೀರೇ ಗತಿ. ಮೋಟಾರ್ ಚೆನ್ನಾಗಿ ಓಡುತ್ತಿದ್ದರೂ ಮೇಲಿನ ಜೆಟ್ (ದೂರಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್) ದೂರ ಹೊಡೆಯುತ್ತಿಲ್ಲ ಎಂದರೆ, ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಜಾಯಿಂಟ್‌ಗಳನ್ನೂ ಒಮ್ಮೆ ನೋಡಿ.

ಹೀಟರ್ ಪ್ಲೇಟ್‌ನಲ್ಲಿ ಎರಡೂ ತುದಿ ಕರಗಿಸಿ ಒತ್ತಿದಾಗ ಹೊರಗೆ ಉಬ್ಬುವಷ್ಟೇ ಪ್ಲಾಸ್ಟಿಕ್ ಒಳಗೂ ಉಬ್ಬುತ್ತದೆ. ಅದೇ ಬೀಡ್. ನೀರು ಅಲ್ಲಿ ಇಕ್ಕಟ್ಟಾಗಿ ನುಗ್ಗಿ, ದಾಟಿದ ಮೇಲೆ ಸುಳಿಯಾಗುತ್ತದೆ, ಶಕ್ತಿ ಅಲ್ಲೇ ಹೋಗುತ್ತದೆ.

ಮೊದಲು ಪೈಪಿನ ಒಳ ಅಳತೆ ನೋಡಿ. ಒಳಗೆ 53 ಮಿ.ಮೀ. ಇರುವ ಪೈಪ್‌ನಲ್ಲಿ 3 ಮಿ.ಮೀ. ಎತ್ತರದ ಬೀಡ್ ಸುತ್ತಲೂ ಇದ್ದರೆ ದಾರಿ 47 ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಜಾಗ ಶೇ 21ರಷ್ಟು ಕಡಿಮೆ. 150 ಮಿ.ಮೀ. ಪೈಪ್‌ನಲ್ಲಿ ಅದೇ ಬೀಡ್ ಶೇ 8ರಷ್ಟು ಮಾತ್ರ ಕಡಿಮೆ ಮಾಡುತ್ತದೆ. ಹಾಗಂತ ಇಡೀ ಪೈಪ್ 47 ಮಿ.ಮೀ. ಆಯಿತು ಎಂದು ಲೆಕ್ಕ ಹಾಕಬೇಡಿ, ಇಕ್ಕಟ್ಟು ಜಾಯಿಂಟ್‌ನಲ್ಲಿ ಮಾತ್ರ. ಒಂದೊಂದರ ನಷ್ಟ ಚಿಕ್ಕದು.

ಆದ್ದರಿಂದ ಎರಡನೆಯದಾಗಿ ಜಾಯಿಂಟ್ ಎಣಿಸಿ. 300 ಮೀಟರ್ ಲೈನನ್ನು 6 ಮೀಟರ್ ತುಂಡುಗಳಲ್ಲಿ ಮಾಡಿದರೆ 49 ಬೀಡ್, 100 ಮೀಟರ್ ಕಾಯಿಲ್‌ನಲ್ಲಿ (ಸುರುಳಿ ಸುತ್ತಿದ ಪೈಪ್) ಮಾಡಿದರೆ ಬರೀ ಎರಡು! ಸಣ್ಣ ಪೈಪ್‌ಗೆ ಕಾಯಿಲ್ ತೆಗೆದುಕೊಳ್ಳುವುದೇ ಜಾಣತನ. ನೀರಿನ ವೇಗ ಎರಡು ಪಟ್ಟಾದರೆ ಬೀಡ್‌ನ ನಷ್ಟ ನಾಲ್ಕು ಪಟ್ಟಾಗುತ್ತದೆ, ಇದೂ ನೆನಪಿರಲಿ.

ವೆಲ್ಡ್ ಮಾಡುವವರ ಪಕ್ಕದಲ್ಲಿ ನಿಂತು ನೋಡಿ. ತುದಿಗಳು ನೇರವಾಗಿ ಕೂರಬೇಕು, ಹೊರಗಿನ ಬೀಡ್ ಸುತ್ತಲೂ ಒಂದೇ ಸಮ ಇರಬೇಕು. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಇದ್ದರೆ ಒಳಗೂ ಸರಿ ಇರಲ್ಲ, ಕತ್ತರಿಸಿ ಮತ್ತೆ ಮಾಡಿಸಿ. ಉದ್ದ ಹಿಡಿಯ ಕಟ್ಟರ್‌ನಿಂದ ಒಳಗಿನ ಬೀಡ್ ತೆಗೆಸಬಹುದು, ಆದರೆ ಚೂರುಗಳನ್ನು ಹೊರತೆಗೆದು, ಲೈನ್ ತೊಳೆದ ಮೇಲಷ್ಟೇ ಜೆಟ್ ಹಾಕಿ. ಇಲ್ಲದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಎಲೆಕ್ಟ್ರೋಫ್ಯೂಷನ್ ಕಪ್ಲರ್‌ಗೆ (ಪೈಪಿನ ಹೊರಗೆ ಕೂತು ವಿದ್ಯುತ್ ಶಾಖದಿಂದ ಬೆಸೆಯುವ ಜೋಡಣೆ) ಈ ಬೀಡ್‌ನ ತಲೆನೋವೇ ಇಲ್ಲ, ಖರ್ಚು ಮಾತ್ರ ಜಾಸ್ತಿ.

ಕೊನೆಗೆ ಅಳೆಯಿರಿ. ಪಂಪ್ ಬಳಿ ಒಂದು, ಮೇಲಿನ ತುದಿಯಲ್ಲಿ ಒಂದು ಗೇಜ್ ಹಾಕಿ, ಜೆಟ್ ಓಡುವಾಗಲೇ ಓದಿ. ಕೆಳಗೆ 6 ಕೆಜಿ (ಚದರ ಸೆಂ.ಮೀ.ಗೆ), ಮೇಲೆ 2 ಕೆಜಿ ಇದ್ದರೆ ವ್ಯತ್ಯಾಸ 4 ಕೆಜಿ, ಅಂದರೆ ಸುಮಾರು 40 ಮೀಟರ್ ಎತ್ತರದ ನೀರಿನ ಒತ್ತಡ. ಏರು 30 ಮೀಟರ್ ಆದರೆ ಘರ್ಷಣೆಗೆ ಹೋದದ್ದು 10 ಮೀಟರ್. ಇದನ್ನು ಹೇಜನ್-ವಿಲಿಯಮ್ಸ್ ಲೆಕ್ಕಕ್ಕೆ (ಪೈಪಿನ ಘರ್ಷಣೆ ನಷ್ಟ ತಿಳಿಸುವ ಸೂತ್ರ) ಹೋಲಿಸಿ. ಅದರಲ್ಲಿ ಸಿ ಎಂದರೆ ಪೈಪ್ ಎಷ್ಟು ನಯ ಎಂದು ಹೇಳುವ ಸಂಖ್ಯೆ. ನಯವಾದ ಪೈಪ್‌ಗೆ ಸಿ 150 ಹಾಕುತ್ತಾರೆ, ಜಾಯಿಂಟ್ ಜಾಸ್ತಿ ಇರುವ ಸಣ್ಣ ಲೈನ್‌ಗೆ 140 ಹಾಕುವುದು ಸುರಕ್ಷಿತ. ಅದರಿಂದ ಲೆಕ್ಕದ ನಷ್ಟ ಶೇ 14ರಷ್ಟು ಏರುತ್ತದೆ. ನಿಮ್ಮ ಗೇಜ್ ಅದಕ್ಕಿಂತಲೂ ಬಹಳ ಜಾಸ್ತಿ ತೋರಿಸಿದರೆ ಬೀಡ್ ಒಂದನ್ನೇ ದೂರಬೇಡಿ, ಫಿಲ್ಟರ್ ಬಿಚ್ಚಿ, ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ.